ಬಾಕಿ ಉಳಿದ ವಿಜ್ಞಾನ

“ಅಮ್ಮಿ, ಕಿವೀಲಿ ಅದೇನ್ ಸಿಗಿಸ್ಕಂಡಿದ್ದೀಯೆ? ಹೂ ಕೀಳಕ್ಕೆ ಬಂದಿದ್ದೀಯೋ, ಇಲ್ಲಾ ನಿನ್ ಮಿಂಡನ್ ತಾವ ಮಾತಾಡಕ್ಕೆ ಬಂದಿದ್ದೀಯೋ?”

ಹೊಲದ ಯಜಮಾನ ಗಂಗಾಧರಸ್ವಾಮಿ ಬದುವಿನ ಮೇಲೆ ಸ್ಕೂಟರ್ ನಿಲ್ಲಿಸಿ, ಚೆಂಡುಹೂವಿನ ಸಾಲಿನೊಳಕ್ಕೆ ನುಗ್ಗಿ ರಂಜಿನಿಯ ಕಿವಿಯಿಂದ ವೈರು ಕಿತ್ತ. ಕಿತ್ತ ರಭಸಕ್ಕೆ ಸೊಂಟದಲ್ಲಿ ಸಿಕ್ಕಿಸಿದ್ದ ಮೊಬೈಲು ಮಣ್ಣಿಗೆ ಬಿತ್ತು. ಅದರೊಳಗಿಂದ ಯಾರೋ ಮೇಷ್ಟರ ದನಿ ಹೊರಬಂತು: “ಹೃದಯದಲ್ಲಿ ನಾಲ್ಕು ಕೋಣೆಗಳಿವೆ...”

ಕೀಳುತ್ತಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ.

“ಪಾಠ ಕಣ ಬುದ್ಧಿ. ನಾಳೆ ಹತ್ತನೇದ್ರ ಪರೀಕ್ಸೆ. ಕಿವಿ ಕೇಳುದ್ರೂ ಕೈ ನಿಂತಿಲ್ಲ, ಚೀಲ ನೋಡಿ ಬೇಕಾರೆ.”

“ಮಗಳ್ನ ಕೊಡೋ ವಯಸ್ಸಲ್ಲಿ ಪರೀಕ್ಷೆ! ಪಾಸ್ ಮಾಡಿ ಏನ್ ಕಡ್ದು ಗುಡ್ಡೆ ಹಾಕೀಯೆ?”

“ಅಂಗನವಾಡಿ ಆಯಾ ಕೆಲ್ಸಕ್ಕೆ ಅರ್ಜಿ ಆಕ್ಬೌದು.”

“ನೀ ಬೇಯ್ಸಿದ್ ಅನ್ನವ ನಮ್ ಐಕ್ಳು ಉಂಡವಾ? ಥೂ!” ಮೊಬೈಲನ್ನು ಚಪ್ಪಲಿಯ ತುದಿಯಿಂದ ಅವಳತ್ತ ತಳ್ಳಿದ. “ನಾಳೆ ಕೇರಳಕ್ಕೆ ಓಣಂ ಹೂವಿನ್ ಲೋಡು. ಒಬ್ಬಳೂ ತಪ್ಪಿಸ್ಕೂಡದು.”

ಉಮ್ಮತ್ತೂರಿನಲ್ಲಿ ಹತ್ತನೇ ತರಗತಿ ಓದುತ್ತಿದ್ದವಳನ್ನು ಬಿಡಿಸಿ ತೆರಕಣಾಂಬಿಯ ಕಡೆಗೆ ಮದುವೆ ಮಾಡಿ ಕಳಿಸಿದ್ದರು. ಗಂಡ ರಂಗಸ್ವಾಮಿ ಕೇರಳದ ಶುಂಠಿ ಹೊಲಗಳಲ್ಲಿ ಕೂಲಿ. ಇಷ್ಟು ವರ್ಷದ ಮೇಲೆ ಮತ್ತೆ ಪುಸ್ತಕ ಹಿಡಿದ ರಂಜಿನಿ ಒಂದೊಂದಾಗಿ ಎಲ್ಲ ವಿಷಯವನ್ನೂ ಪಾಸು ಮಾಡಿಕೊಂಡಿದ್ದಳು. ವಿಜ್ಞಾನ ಮಾತ್ರ ಬಾಕಿ. ಕೂತು ಓದುವುದೆಂಬುದು ಅವಳಿಗಿರಲಿಲ್ಲ. ಕೂತರೆ ನಿದ್ದೆ ಬರುತ್ತಿತ್ತು. ನಲ್ಲಿಯಲ್ಲಿ ಬಿಂದಿಗೆ ತುಂಬುವಷ್ಟರಲ್ಲಿ ಅರ್ಧ ಪುಟ. ಕೂಲಿಯವರನ್ನು ತುಂಬಿಕೊಂಡು ಹೋಗುವ ಗೂಡ್ಸ್ ಆಟೋದಲ್ಲಿ ಒಂದು ಕೈಲಿ ಕಂಬಿ ಹಿಡಿದು ಇನ್ನರ್ಧ. ಒಮ್ಮೆ ಒಲೆ ಮುಂದೆ ಓದುತ್ತಲೇ ತೂಕಡಿಸಿ ಮುಂಗೂದಲು ಸುಟ್ಟುಕೊಂಡಿದ್ದಳು.

“ಓದು ಓದು ಅಂತ ಅಟ್ಟಿಗೇ ಬೆಂಕಿ ಆಕ್ಬುಟ್ಟಿಯೆ!” ಎಂದು ಅತ್ತೆ ಶಿವಮ್ಮ ಬೈದಿದ್ದಳು. ಈಗ ಯಜಮಾನನ ಸ್ಕೂಟರ್ ಅತ್ತ ಹೋದ ಮೇಲೆ ಪಕ್ಕದ ಸಾಲಿನಿಂದ ಅದೇ ಶಿವಮ್ಮ ಗೊಣಗಿದಳು: “ಎದೆಗೇ ನಾಕ್ ಕ್ವಾಣೆ ಅಂತೆ. ನಮ್ಗಿರದು ಒಂದು, ಅದ್ರೊಳ್ಗೆ ನಾಕ್ ಜನ.”

ಮಾರನೆಯ ದಿನ ಇನ್ನೂ ಬೆಳಕು ಹರಿಯುವ ಮುಂಚೆಯೇ ರಂಜಿನಿ ಸಾಲಿಗಿಳಿದಳು. ತನ್ನ ಪಾಲಿನದನ್ನು ಕಿತ್ತು, ಸೀರೆ ಬದಲಾಯಿಸಿ, ಗುಂಡ್ಲುಪೇಟೆಯ ಬಸ್ಸು ಹಿಡಿಯುವುದೆಂದು ಲೆಕ್ಕ ಹಾಕಿದ್ದಳು. ಬಿಸಿಲು ಬೀಳುವಷ್ಟರಲ್ಲಿ ಅವಳ ಚೀಲಗಳು ತುಂಬಿದವು. ಹೊತ್ತು ತಂದು ಹಾಕಿ ಪಂಪ್‌ಮನೆಗೆ ಹೋದರೆ, ಬೀಗ. ಹೆಂಗಸರ ಬುತ್ತಿ, ಬ್ಯಾಗು, ಅವಳ ಹಾಲ್‌ಟಿಕೆಟ್, ಎಲ್ಲ ಒಳಗೆ.

“ಲೋಡಾಗ್ಲಿ. ಎಲ್ಲಾರ್ ಬ್ಯಾಗೂ ಒಟ್ಗೇ ಕೊಟ್ಟೇನು,” ಎಂದ ಗಂಗಾಧರಸ್ವಾಮಿ.

“ನನ್ ಪಾಲಿಂದು ಮುಗೀತು ಬುದ್ಧಿ. ಬಸ್ಸು ಬತ್ತದೆ. ನಿಮ್ ಕಾಲ್ಗೆ ಬೀಳ್ತೀನಿ.”

ಅವಳು ಬಾಗಿದ್ದೇ ಅವನು ಕಾಲು ಹಿಂದಕ್ಕೆಳೆದುಕೊಂಡ. “ಮುಟ್ಬೇಡ! ಈಗಿನ್ನೂ ಪೂಜೆ ಮುಗಿಸ್ಕಂಡ್ ಬಂದೀನಿ.” ಫೋನು ಬಂತು. ಕೇರಳದ ವ್ಯಾಪಾರಿ. ಮಾತಾಡುತ್ತಾ ಲಾರಿಯ ಕಡೆ ನಡೆದ.

ನೀರು ಕುಡಿಯಲು ಬಂದ ಶಿವಮ್ಮ ಬಾಗಿಲ ಮುಂದೆ ಕುಸಿದು ಕೂತಿದ್ದ ಸೊಸೆಯನ್ನು ನೋಡಿದಳು. ಬೀಗವನ್ನು ನೋಡಿದಳು. ಕಾಲುವೆಯ ಅಂಚಿನಿಂದ ಒಂದು ಕಲ್ಲು ಎತ್ತಿಕೊಂಡು ಬಂದಳು.

“ಬ್ಯಾಡ ಅತ್ತೆ! ನಾಳಿಂದ ನಮ್ಮ ಯಾರು ಕೂಲಿಗ್ ಕರದರು?”

“ಯಾರೂ ಕರಿಯಲ್ಲ. ಅದ್ಕೇ ನೀ ಓಗು.”

ನಾಲ್ಕೈದು ಏಟಿಗೆ ಗೆದ್ದಲು ಹಿಡಿದ ಚೌಕಟ್ಟಿನಿಂದ ಚಿಲಕವೇ ಕಿತ್ತು ಬಂತು. ಶಿವಮ್ಮ ಏದುಸಿರು ಬಿಡುತ್ತಾ ಬ್ಯಾಗನ್ನು ಸೊಸೆಯ ಎದೆಗೆ ಒತ್ತಿದಳು. ಸೀರೆ ಬದಲಾಯಿಸಲು ಹೊತ್ತಿರಲಿಲ್ಲ. ರಂಜಿನಿ ಬದುವಿನ ಮೇಲೆ ಓಡಿದಳು.

“ಬೋಸುಡಿ ಮುಂಡೆ, ನನ್ನ ಬೀಗ ಒಡೀತೀಯೇನೇ!” ಹಿಂದಿನಿಂದ ಗಂಗಾಧರಸ್ವಾಮಿಯ ಕೂಗು. ಆಮೇಲೆ ಏಟಿನ ಸದ್ದು. ಆಮೇಲೆ ಹೆಂಗಸರ ದನಿಗಳೆಲ್ಲ ಒಟ್ಟಿಗೆ ಎದ್ದವು. ರಂಜಿನಿಯ ಕಾಲು ನಿಂತಿತು.

“ತಿರುಗ್ಬ್ಯಾಡ ಕಣಮ್ಮಿ!” ಶಿವಮ್ಮನ ದನಿ ಸೀಳಿಕೊಂಡು ಬಂತು. “ಓಗು!”

ಗುಂಡ್ಲುಪೇಟೆಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. “ಪೇರೆಂಟ್ಸೆಲ್ಲ ಆಚೇಲೇ ಇರ್ಬೇಕು ಕಣಮ್ಮ.”

“ನಾನೇ ಬರಿಯೋಳು.”

ಹೂವಿನ ರಸಕ್ಕೆ ಕಪ್ಪಾದ ಅವಳ ಬೆರಳುಗಳನ್ನೂ ಕೆಸರು ಹಿಡಿದ ಸೀರೆಯ ಅಂಚನ್ನೂ ನೋಡಿ ಅವನು ನಕ್ಕ. “ನೀನಾ? ಏನ್ ಬರೆದೀಯೆ?”

ರಂಜಿನಿ ಹಾಲ್‌ಟಿಕೆಟ್ ಎತ್ತಿ ತೋರಿಸಿ, ಅಡ್ಡವಿದ್ದ ಕೈಯನ್ನು ತಳ್ಳಿ ಒಳಗೆ ನಡೆದಳು.

ಪಕ್ಕದ ಬೆಂಚಿನ ಹುಡುಗಿ ಮೂಗಿಗೆ ಕರ್ಚೀಫ್ ಹಿಡಿದಳು. ಪ್ರಶ್ನೆಪತ್ರಿಕೆ ಬಂತು. ರಂಜಿನಿ ಮೊದಲ ಪ್ರಶ್ನೆಯನ್ನು ಓದಿದಳು. ತಲೆಗೆ ಹೋಗಲಿಲ್ಲ. ಕಣ್ಣು ಮುಚ್ಚಿದರೆ ನಿದ್ದೆ ಎಳೆಯುತ್ತಿತ್ತು. ತೆರೆದರೆ ಆ ಏಟಿನ ಸದ್ದು. ಯಾರಿಗೆ ಬಿತ್ತೋ, ಅತ್ತೆ ಎದ್ದಳೋ ಇಲ್ಲವೋ. ಬೆಂಚಿನ ಕೆಳಗೆ ತೊಡೆಯನ್ನು ಬಲವಾಗಿ ಚಿವುಟಿಕೊಂಡು ಮತ್ತೆ ಮೊದಲಿನಿಂದ ಓದಿದಳು.