ಇವತ್ತು ಬೇಡ ಬಿಡು

ಕಿಟಕಿಯ ಸರಳಿನ ನೆರಳು ಅವಳ ಮೊಣಕಾಲಿನ ಮೇಲೆ ಬಿದ್ದಿದೆ, ಸರಿಯುತ್ತಿದೆ, ಅವಳು ಮಾತ್ರ ಅಲುಗಾಡುವುದಿಲ್ಲ — ಎಂಟೂವರೆ ಆಗಿರಬೇಕು, ಅಂಗಡಿ ಬಾಗಿಲು ತೆಗೆಯಬೇಕಿತ್ತು, ನಿನ್ನೆಯೇ ಕೊಡಬೇಕಿದ್ದ ಮೂರು ಕನ್ನಡಕ ಹಾಗೇ ಇವೆ, ಗಾಜಿನ ಅಂಚು ಉಜ್ಜಿಲ್ಲ, ಇರಲಿ, ಅವರು ಒಂದು ದಿನ ಮಬ್ಬಾಗಿಯೇ ನೋಡಲಿ, ಊರವರ ಕಣ್ಣಿಗೆಲ್ಲ ಗಾಜು ಕೂರಿಸಿಕೊಟ್ಟ ನಾನೇನು ಕಂಡು ಕಡಿದು ಗುಡ್ಡೆ ಹಾಕಿದೆ, ಪಕ್ಕದಲ್ಲಿ ಮಲಗುವ ಹೆಂಡತಿ ಮತ್ತೆ ಮುಳುಗುತ್ತಿರುವುದು ಕಾಣಲಿಲ್ಲ. ಹೋದ ವರ್ಷ ಕಂಡಿತ್ತು. ಹದಿನಾಲ್ಕು ವರ್ಷ ಬಸ್ಸಿನ ಕಂಡಕ್ಟರಾಗಿ ಗಂಟಲು ಹರಿದುಕೊಂಡವಳು ಬಚ್ಚಲ ನೆಲದ ಮೇಲೆ ಕೂತು, ಮೈಮೇಲೆ ನೀರು ಹುಯ್ದುಕೊಳ್ಳಕ್ಕೂ ಆಗ್ತಿಲ್ಲ ಕಣ್ರೀ, ಎಂದು ಪಿಸುಗುಟ್ಟಿದ್ದಳು, ಆಗ ಡಾಕ್ಟರಮ್ಮನ ಹತ್ತಿರ ಹೋದದ್ದು, ಅವರು ಇದು ಖಿನ್ನತೆ, ಸೋಮಾರಿತನವಲ್ಲ ಎಂದದ್ದು, ಆಮೇಲೆ ಮಾತ್ರೆಯ ಆ ಮೊದಲ ಮೂರು ವಾರ — ಬಾಯಿ ಒಣಗಿ, ಹೊಟ್ಟೆ ತೊಳಸಿ, ಗುಣ ಮಾತ್ರ ಎಳ್ಳಷ್ಟೂ ಇಲ್ಲ, ಇದನ್ನು ಚರಂಡಿಗೆ ಹಾಕಿ ಅಂತ ಅವಳು, ಇನ್ನೊಂದೇ ವಾರ ಅಂತ ನಾನು. ಕ್ಲಿನಿಕ್ಕಿನ ನರ್ಸಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಪೊಲೀಸರ ಥರ ತಗೊಂಡ್ಯಾ ತಗೊಂಡ್ಯಾ ಅಂತ ಕೇಳ್ಬೇಡಿ, ಪಕ್ಕದಲ್ಲಿ ಕೂತು ನೀವೂ ಒಂದು ಲೋಟ ನೀರು ಕುಡೀರಿ, ಅಷ್ಟೇ ಸಾಕು. ಕುಡಿದೆ, ಹಲ್ಲುಜ್ಜಿದ ಮೇಲೆ ಅವಳಿಗೆ ಮಾತ್ರೆ, ನನಗೆ ಬರೀ ನೀರು, ದಿನವೂ, ಮತ್ತೆ ಏಳನೇ ವಾರ ಒಂದು ಬೆಳಿಗ್ಗೆ ಇಕ್ಕಟ್ಟಿನ ಅಡುಗೆಮನೆಯಲ್ಲಿ ನಾನು ಅಡ್ಡ ನಿಂತಿದ್ದಾಗ ಬೆನ್ನ ಹಿಂದಿನಿಂದ ಆ ಹಳೆಯ ದನಿ, ಮುಂದೆ ಹೋಗಿ ಸ್ವಾಮಿ, ಮುಂದೆ ಜಾಗ ಇದೆ — ನಲ್ಲಿ ನಿಲ್ಲಿಸುವುದನ್ನೂ ಮರೆತು ಅತ್ತುಬಿಟ್ಟಿದ್ದೆ.

ಅಷ್ಟಕ್ಕೇ ನಿಲ್ಲಬಾರದಿತ್ತೆ. ಅಕ್ಕ ಬಂದಳು, ಕೆಟ್ಟವಳಲ್ಲ ಅಕ್ಕ, ಅಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಮಾತ್ರೆ ಡಬ್ಬಿ ನೋಡಿ ಮುಖ ಸಿಂಡರಿಸಿದಳು, ಎಷ್ಟು ದಿನ ಅಂತ ತಿನ್ನಿಸ್ತೀಯೋ, ಗುಂಡುಕಲ್ಲಿನ ಹಾಗೆ ಇದಾಳೆ, ಆಮೇಲೆ ಅದಿಲ್ದೆ ಇರಕ್ಕಾಗಲ್ಲ ನೋಡು. ಅವಳ ಮೇಲೆ ಹಾಕಿ ಏನು ಬಂತು, ಆಡಿದ್ದು ಅಕ್ಕ, ಮಾಡಿದ್ದು ನಾನು. ಮಾರನೇ ಬೆಳಿಗ್ಗೆ ಹೆಂಡತಿ ಮಾತ್ರೆ ಕೈಗೆತ್ತಿಕೊಂಡಾಗ, ಇವತ್ತು ಬೇಡ ಬಿಡು ಎಂದೆ. ಡಾಕ್ಟರಮ್ಮನ್ನ ಒಂದು ಮಾತು ಕೇಳೋಣ್ವಾ ಎಂದಳು, ಅವಳೇ ಕೇಳಿದಳು, ಅವರು ಯಾವತ್ತು ಸಾಕು ಅಂತಾರೆ ಎಂದು ನಾನು ನಕ್ಕೆ. ಮಾತ್ರೆ ನಿಂತೇಹೋಯಿತು, ನಾಲ್ಕು ದಿನ ತಲೆಸುತ್ತು, ಮತ್ತೆ ಎರಡು ತಿಂಗಳು ಚೆನ್ನಾಗಿದ್ದಳು, ನಾನು ಬೀಗಿದೆ, ನರ್ಸಮ್ಮನ ಫೋನು ಎತ್ತುವುದನ್ನೂ ಬಿಟ್ಟೆ, ಅಷ್ಟರಲ್ಲಿ ಅವಳ ಊಟ ಅರ್ಧಕ್ಕೆ, ಮಾತು ಅರ್ಧಕ್ಕೆ, ನಿದ್ದೆ ಅರ್ಧಕ್ಕೆ, ಕೆಲಸದ ಸುಸ್ತು ಅಂದುಕೊಂಡೆ — ಫೋನು ಬಂದಾಗ ಯಾರದೋ ಕನ್ನಡಕದ ಕಡ್ಡಿಗೆ ಸ್ಕ್ರೂ ಹಾಕುತ್ತಿದ್ದೆ. ಅವಳ ಬಸ್ಸಿನ ಡ್ರೈವರು. ಟಿಕೆಟ್ ಚೀಲ ಸೀಟಿನ ಮೇಲಿಟ್ಟು, ಸೇತುವೆ ದಾಟಿದ ಮೇಲಿನ ಸ್ಟಾಪಿನಲ್ಲಿ ಇಳಿದು, ಹಿಂದಕ್ಕೆ ಸೇತುವೆಯತ್ತಲೇ ನಡೆದಳಂತೆ, ವಿಷಲ್ ಬರಲಿಲ್ಲವಲ್ಲ ಎಂದು ಅವನು ತಿರುಗಿ ನೋಡಿದನಂತೆ, ಬಸ್ಸನ್ನು ಜನರ ಸಮೇತ ಬಿಟ್ಟು ಓಡಿದನಂತೆ, ತೋಳು ಹಿಡ್ಕೊಂಡೆ ಅಣ್ಣ, ಇಲ್ಲಾಂದಿದ್ರೆ — ನಾನು ಅಂಗಡಿ ತೆರೆದಿಟ್ಟೇ ಓಡಿದೆ.

ಹನ್ನೊಂದು ದಿನ ಆಸ್ಪತ್ರೆ. ಡಾಕ್ಟರಮ್ಮ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕೂತಿದ್ದೆ, ಅವರು ಬೈಯಲಿಲ್ಲ, ಮೊದಲಿಂದ ಶುರು ಮಾಡೋಣ, ಆರು ವಾರ ಹಿಡಿಯುತ್ತೆ, ನಿಲ್ಲಿಸೋ ಕಾಲ ಬಂದಾಗ ಮೂರೂ ಜನ ಕೂತು ನಿಧಾನವಾಗಿ ಇಳಿಸೋಣ, ಎಂದರು, ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅಲ್ಲಿ ಮಾತ್ರೆ ನರ್ಸುಗಳು ಕೊಟ್ಟರು. ಮನೆಯಲ್ಲಿ ಇವತ್ತೇ ಮೊದಲು. ಅವಳ ಕೈ ಹಿಡಿದು, ಬಿಡಿಸಿ, ಮಾತ್ರೆ ಇಟ್ಟೆ. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು, ಇಷ್ಟು ದಿನದಲ್ಲಿ ಮೊದಲ ಸಲ ನೇರವಾಗಿ.

ಬೇಡ ಬಿಡು ಅಂದಿದ್ದೂ ನೀವೇ ಅಲ್ವಾ.

ದನಿಯಲ್ಲಿ ಕೋಪವಿಲ್ಲ, ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹೌದು, ನಾನೇ, ತಪ್ಪು ನಂದೇ, ಎಂದೆ, ತಗೋ ಎನ್ನುವ ಬಾಯಿ ನನಗೆಲ್ಲಿದೆ, ಯಾವ ಮುಖ ಇಟ್ಟುಕೊಂಡು ಅವಳು ನನ್ನನ್ನು ನಂಬಬೇಕು, ಆದರೂ ಎದ್ದು ಹೋಗುವ ಹಾಗಿಲ್ಲ, ಬೇರೆ ಯಾರಿದ್ದಾರೆ ಅವಳಿಗೆ, ಪಕ್ಕದಲ್ಲಿ ಕೂತೆ, ನನ್ನ ಲೋಟ ಎತ್ತಿ ಕುಡಿದೆ, ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ, ಎಸೆಯಲೂ ಇಲ್ಲ, ಅಂಗೈ ತೆರೆದೇ ಇದೆ, ಬೆವರಿಗೆ ಮಾತ್ರೆಯ ಅಂಚು ಕರಗಿ ಸುತ್ತ ಸುಣ್ಣದಂಥ ಬಿಳುಪು, ಎಸೆದಾದರೂ ಎಸೆಯಲಿ, ಇನ್ನೊಂದು ಕೊಡುತ್ತೇನೆ, ಬೆರಳು ಮಡಿಚಲಿ, ಒಂದು ಬೆರಳು ಮಡಿಚಲಿ ಸಾಕು — ತೆರೆದ ಅಂಗೈ, ಬಿಳಿ ಮಾತ್ರೆ, ಮಡಿಚದ ಬೆರಳು, ತೆರೆದ ಅಂಗೈ, ಬಿಳಿ ಮಾತ್ರೆ, ತೆರೆದ ಅಂಗೈ