ಬೇಲಿಯಾಚೆಗೆ ಕೇಳಲೆಂದು ಇಟ್ಟ ಹೆಸರು

ಬೇಟೆಗೆ ಹೋದ ಗಂಡಸರು ಮಧ್ಯಾಹ್ನವೇ ಹಿಂತಿರುಗಿದರು. ನನ್ನ ನಾಯಿ ಎಲ್ಲರಿಗಿಂತ ಹಿಂದೆ ಮೂರು ಕಾಲಿನಲ್ಲಿ ಕುಂಟುತ್ತಾ ಬಂತು. ಬಲ ಮುಂಗಾಲಿನ ಅಂಗಾಲು ಅರ್ಧ ಕಿತ್ತು, ಹಳೆಯ ಚಪ್ಪಲಿಯ ಅಟ್ಟೆಯಂತೆ ಜೋಲುತ್ತಿತ್ತು. ಬಂಡೆ ಕೊಯ್ದಿರಬೇಕು ಎಂದು ಅವರಲ್ಲೊಬ್ಬ ಹೇಳಿದ. ನಾನು ತಲೆಯಾಡಿಸಿದೆ, ಆದರೆ ನಂಬಲಿಲ್ಲ. ಬಂಡೆ ತರಚುತ್ತದೆ, ಇದು ನೇರವಾಗಿ ಸೀಳಿದ ಗಾಯ. ತಂತಿಯ ಉರುಳು ಹಾಕುವವನು ನಮ್ಮೂರಿನಲ್ಲಿ ಒಬ್ಬನೇ, ನನ್ನ ಬೇಲಿಯಾಚೆಯ ತವೆಂಗ್ವಾ.

ಇನ್ನೆರಡು ವಾರಕ್ಕೆ ಮೆಕ್ಕೆಜೋಳದ ತೆನೆಯಲ್ಲಿ ಹಾಲು ತುಂಬುತ್ತದೆ. ಹಾಲು ತುಂಬಿದ ದಿನವೇ ಕಾಡುಹಂದಿಗಳಿಗೆ ಅದು ಹೇಗೋ ತಿಳಿದುಬಿಡುತ್ತದೆ. ಊರ ನಾಯಿಗಳಲ್ಲಿ ವಾಸನೆ ಹಿಡಿದು ಮುಂದೆ ಓಡುವುದು ನನ್ನ ನಾಯಿ. ಅದು ಮುಂದಿದ್ದರೆ ಬೇಟೆ ನನ್ನ ಹೊಲದಿಂದ ಶುರುವಾಗುತ್ತದೆ. ಅದು ಮಲಗಿದರೆ, ಊರ ಕೊನೆಯ ಮನೆಯ ಈ ಮುದುಕಿಯ ಹೊಲಕ್ಕೆ ಗಂಡಸರು ಬರುವ ಹೊತ್ತಿಗೆ ಬರೀ ದಂಟು ನಿಂತಿರುತ್ತದೆ. ವರ್ಷದ ಗಂಜಿ ಆ ನಾಲ್ಕು ಕಾಲಿನ ಮೇಲೆ ನಿಂತಿತ್ತು, ಈಗ ಮೂರರ ಮೇಲೆ.

ನಾಯಿಯ ಹೆಸರು ಮುಚಾದುರಾ. 'ಒಂದು ದಿನ ನೀವೇ ಒಪ್ಪಿಕೊಳ್ಳುತ್ತೀರಿ' ಎಂದರ್ಥ. ನಮ್ಮಲ್ಲಿ ನೆರೆಯವರನ್ನು ಮುಖಕ್ಕೆ ಮುಖ ಕೊಟ್ಟು ಕಳ್ಳ ಎನ್ನುವುದಿಲ್ಲ; ನಾಯಿಗೆ ಹೆಸರಿಟ್ಟು, ಸಂಜೆ ಬೇಲಿಯ ಹತ್ತಿರ ನಿಂತು ಗಟ್ಟಿಯಾಗಿ ಕರೆಯುತ್ತೇವೆ. ನಾಲ್ಕು ವರ್ಷದ ಹಿಂದೆ, ಶಾಲೆಯ ಹೆಡ್‌ಮಾಸ್ತರಾಗಿದ್ದ ನನ್ನ ಯಜಮಾನರು ಆಸ್ಪತ್ರೆಯಲ್ಲಿದ್ದಾಗ, ಅವರು ಮರದ ಮೇಲೆ ಕಟ್ಟಿದ್ದ ಜೇನುಗೂಡನ್ನು ಯಾರೋ ಬರಿದು ಮಾಡಿದ್ದರು. ಬುಡದಲ್ಲಿ ತವೆಂಗ್ವಾನ ಟೈರ್ ಚಪ್ಪಲಿಯ ಗುರುತಿತ್ತು. ಯಜಮಾನರು ತೀರಿಕೊಂಡ ಮೇಲೆ ನಾನು ಈ ಮರಿಯನ್ನು ತಂದು ಹೆಸರಿಟ್ಟೆ. ತಿಂಗಳು ಕಳೆಯುವುದರಲ್ಲಿ ಅವನೂ ಒಂದು ಮರಿ ತಂದು, 'ನಾನೇನು ಮಾಡಿದೆ' ಎಂದು ಹೆಸರಿಟ್ಟ. ಅಂದಿನಿಂದ ದಿನಾ ಸಂಜೆ ನಾನು ಈ ಕಡೆಯಿಂದ, ಅವನು ಆ ಕಡೆಯಿಂದ ಕರೆಯುತ್ತಲೇ ಇದ್ದೆವು. ನಾಯಿಗಳೆರಡು ಮಾತ್ರ ಬೇಲಿಯ ಕಂಡಿಯಲ್ಲಿ ಮೂಗು ತೂರಿಸಿ ಸ್ನೇಹವಾಗಿದ್ದವು.

ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಮಂಡಿಗೆ ಪಟ್ಟಿ ಕಟ್ಟಿದವಳು ನಾನು. ನೀರು ಕುದಿಸಿ, ಉಪ್ಪು ಹಾಕಿ, ಆರಿಸಿ, ಗಾಯದೊಳಗೆ ಧಾರೆಯಾಗಿ ಬಿಟ್ಟೆ. ಮರಳು ಹೋಗುವವರೆಗೆ ಮೂರು ಚೊಂಬು ಬೇಕಾಯಿತು. ಜೋಲುತ್ತಿದ್ದ ಚರ್ಮದ ಸತ್ತ ಅಂಚನ್ನಷ್ಟೇ ಕತ್ತರಿಸಿದೆ. ಇಂಥ ಗಾಯಕ್ಕೆ ಜೇನು ಹಚ್ಚಬೇಕು, ನನ್ನಲ್ಲಿ ಜೇನಿರಲಿಲ್ಲ. ಯಾಕಿಲ್ಲವೆಂದು ನೆನೆದು ಬೆರಳು ಬಿಗಿಯಾಯಿತು. ನಾಯಿಯ ಬೆರಳ ಸಂದಿಗೆ ಹತ್ತಿಯಿಟ್ಟು, ಹಳೆಯ ದಿಂಬಿನ ಬಟ್ಟೆ ಹರಿದು ಸುತ್ತಿ, ಮೇಲೊಂದು ಕಾಲುಚೀಲ ಎಳೆದು ಗಂಟು ಹಾಕಿದೆ. ಅಡುಗೆ ಗುಡಿಸಲಿನ ಸಾರಿಸಿದ ನೆಲದ ಮೇಲೆ ಕಟ್ಟಿಹಾಕಿದೆ. ರಾತ್ರಿಯಿಡೀ ಅದು ಕುಂಯ್ಗುಟ್ಟಿತು.

ಮರುದಿನ ಬೋರ್‌ವೆಲ್ ಹತ್ತಿರ ಮಾಯಿ ತೊಂಗಾಯಿ ನಾಯಿ ಹೇಗಿದೆ ಎಂದು ಕೇಳಿದಳು. ತೊಂಗಾಯಿಯ ಈ ತಾಯಿಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಅಂಗಡಿಗೆ ಮುಟ್ಟುತ್ತದೆ. ಅದು ಗೊತ್ತಿದ್ದೂ ನಾನು ತಂತಿಯ ವಿಷಯ ಹೇಳಿದೆ. ಹೆಸರು ಹೇಳಲಿಲ್ಲ, ಬೇಲಿಯ ಕಡೆ ನೋಡಿದೆ ಅಷ್ಟೆ.

ಮೂರನೆಯ ದಿನ ಪಟ್ಟಿ ಬಿಚ್ಚಲು ಕೂತೆ. ಗಂಟು ನನ್ನದಲ್ಲ. ನಾನು ಹಾಕುವುದು ಎರಡು ಸುತ್ತಿನ ಗಂಟು. ಇದು ಒಂದೆಳೆ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಒಳಗೆ ಬಟ್ಟೆ ಅಂಟಂಟಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಯಾರೋ ಏನೋ ಹಚ್ಚಿದ್ದರು. ಹುಲ್ಲು ಮೇಯುವ ಆಡಿಗೂ ವಿಷವಿಟ್ಟವರ ಕಥೆಗಳು ತಲೆಗೆ ಬಂದವು. ಎಲ್ಲವನ್ನೂ ತೊಳೆದು ಹೊಸದಾಗಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿದೆ. ಮೂಸಿ ನೋಡುವಷ್ಟು ಬುದ್ಧಿ ಆಗ ಬರಲಿಲ್ಲ.

ನಾನು ಮನೆಯಲ್ಲಿಲ್ಲದ ಹೊತ್ತು ಒಂದೇ, ಬೆಳಿಗ್ಗೆ ನೀರಿಗೆ ಹೋಗುವ ಹೊತ್ತು. ನಾಲ್ಕನೆಯ ದಿನ ಬಕೆಟ್ ಹಿಡಿದು ಹೊರಟು, ಗೆದ್ದಲ ಹುತ್ತದವರೆಗೆ ಹೋಗಿ, ಸದ್ದಿಲ್ಲದೆ ಹಿಂತಿರುಗಿದೆ.

ತವೆಂಗ್ವಾ ನನ್ನ ಗುಡಿಸಲಿನ ಬಾಗಿಲಲ್ಲಿ ಮಂಡಿಯೂರಿ ಕೂತಿದ್ದ. ಮುಚಾದುರಾದ ಕಾಲು ಅವನ ತೊಡೆಯ ಮೇಲಿತ್ತು, ಪಕ್ಕದಲ್ಲಿ ಒಂದು ಸಣ್ಣ ಸೋರೆಬುರುಡೆ.

"ಏನು ಹಚ್ತಿದ್ದೀಯ ಅದಕ್ಕೆ?"

ಅವನು ಬೆಚ್ಚಿದ, ಆದರೆ ಕಾಲನ್ನು ಕೈಬಿಡಲಿಲ್ಲ. "ಜೇನು, ಟೀಚರಮ್ಮ. ನೆಕ್ಕಿ ನೋಡಿ ಬೇಕಾದ್ರೆ."

"ನನ್ನ ಪಟ್ಟಿ ಬಿಚ್ಚೋಕೆ ನಿಂಗ್ಯಾರು ಹೇಳಿದ್ರು?"

"ನಾಯೀನೇ ಹೇಳ್ತು. ಬೆರಳು ನೋಡಿ, ಊದಿ ಹೇಗಾಗಿದೆ. ನೀವು ಕಾಲಿಗೆ ಕಟ್ಟಿಲ್ಲ, ನನ್ನ ಕತ್ತು ಹಿಚುಕಿದ ಹಾಗೆ ಕಟ್ಟಿದ್ದೀರಿ."

ನೋಡಿದೆ. ನನ್ನ ಗಂಟಿದ್ದ ಜಾಗದ ಕೆಳಗೆ ಬೆರಳುಗಳು ಬಾತಿದ್ದವು. ಮೊದಲ ರಾತ್ರಿಯ ಅಳು ಅವನ ಮನೆಗೂ ಕೇಳಿಸಿತ್ತಂತೆ, ಅವನ ನಾಯಿಯೂ ಜೊತೆಗೆ ಅತ್ತಿತಂತೆ. ಬಾಗಿಲಿಗೆ ಬಂದು ಹೇಳಿದರೆ ನಾನು ಕೋಲು ತೆಗೆಯುತ್ತಿದ್ದೆ ಎಂದ. ತೆಗೆಯುತ್ತಿದ್ದೆ, ನಿಜ. ಆಮೇಲೆ ಜೇಬಿನಿಂದ ಎಲೆ ಸುತ್ತಿದ ಒಂದು ಹಸಿರು ಗಾಜಿನ ಚೂರು ತೆಗೆದಿಟ್ಟ. ಹೊಳೆಯ ಮರಳಿನಲ್ಲಿ ರಕ್ತದ ಗುರುತು ಹಿಡಿದು ಹುಡುಕಿದನಂತೆ. ಯಾರೋ ಕುಡಿದು ಎಸೆದ ಬಾಟಲಿ. ಚೂರಿನ ಅಂಚಿಗೆ ಇನ್ನೂ ಕಂದು ಕಲೆಯಿತ್ತು. ತನ್ನ ಉರುಳು ಗುಡ್ಡದ ಆಚೆಗಿರುವುದು ಎಂದ.

"ಈ ಜೇನು ಎಲ್ಲಿಂದ ಬಂತು?" ನಾನು ಕೇಳಿದೆ. ನಾಲ್ಕು ವರ್ಷದಿಂದ ನಾಯಿಯ ಬಾಯಲ್ಲಿ ಕೇಳಿಸುತ್ತಿದ್ದುದು ಕೊನೆಗೆ ನನ್ನ ಬಾಯಲ್ಲೇ ಬಂತು.

ಅವನು ಪಟ್ಟಿ ಸುತ್ತುತ್ತಲೇ ಹೇಳಿದ. "ಇದು ನನ್ನ ಗೂಡಿಂದು. ನಾಲ್ಕು ವರ್ಷದ ಹಿಂದೆ ತೆಗೆದದ್ದು ನಿಮ್ಮ ಗೂಡಿಂದೇ. ಹೆಡ್‌ಮಾಸ್ತರು ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಕೇಳಿದ್ರು, ಶುಂಬಾ, ಸಾಯೋ ಮುಂಚೆ ಒಂದು ಬೆರಳು ಜೇನು ನೆಕ್ಕಬೇಕು ಅಂತ. ಸಕ್ಕರೆ ಕಾಯಿಲೆ, ನೀವು ಬಿಡ್ತಿರಲಿಲ್ಲ. ಟೀಚರಿಗೆ ಹೇಳಬೇಡ ಅಂತ ಮಾತು ತಗೊಂಡ್ರು."

ಶುಂಬಾ ಅವನ ಕುಲದ ಹೆಸರು. ಹಾಗೆ ಗೌರವದಿಂದ ಅವನನ್ನು ಕರೆಯುತ್ತಿದ್ದವರು ಊರಲ್ಲಿ ನನ್ನ ಯಜಮಾನರೊಬ್ಬರೇ.

"ಒಂದು ಬೆರಳಿಗೆ ಇಡೀ ಗೂಡು ಬೇಕಾಯ್ತಾ?"

ಅವನು ತಲೆ ತಗ್ಗಿಸಿದ. "ಜೇನುಹುಟ್ಟಿನ ಒಂದು ತುಂಡು ಅವರಿಗೆ. ಉಳಿದದ್ದು ನನ್ನ ಮಕ್ಕಳು ತಿಂದ್ರು. ಅದು ಕಳ್ಳತನವೇ."

ಅರ್ಧ ಸುಳ್ಳಿರಬಹುದು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಆ ಕೊನೆಯ ವಾರ ಯಜಮಾನರ ಗಡ್ಡದಲ್ಲಿ ಏನೋ ಅಂಟಿತ್ತು, ಒರೆಸಿದಾಗ ಅವರು ನಕ್ಕಿದ್ದರು. ಔಷಧಿಯೆಂದುಕೊಂಡಿದ್ದೆ.

ಕಾಲಿನ ಬಾವು ಮೂರು ದಿನದಲ್ಲಿ ಇಳಿಯಿತು. ಜೇನು ಅವನದು, ಉಪ್ಪುನೀರು ನನ್ನದು, ಗಂಟು ಮಾತ್ರ ಅವನೇ ಹಾಕಬೇಕೆಂದು ಹಟ. ಹನ್ನೊಂದನೆಯ ದಿನ ಗುಲಾಬಿ ಬಣ್ಣದ ಹೊಸ ಚರ್ಮ ಕಂಡಿತು. ಅವನು ಮೆತ್ತನೆಯ ಆಡಿನ ಚರ್ಮದಲ್ಲಿ ಒಂದು ಚೀಲ ಹೊಲಿದು ಕಾಲಿಗೆ ತೊಡಿಸಿದ. ಹಂದಿಗಳು ಬಂದ ಬೆಳಿಗ್ಗೆ ನಾಯಿ ಆ ಚೀಲ ತೊಟ್ಟೇ ನನ್ನ ಹೊಲದಿಂದ ಅವುಗಳನ್ನು ಅಟ್ಟಿಕೊಂಡು ಓಡಿತು, ಅವನ ನಾಯಿ ಪಕ್ಕದಲ್ಲೇ. ತೆನೆ ಉಳಿಯಿತು.

ಅಂದು ಸಂಜೆ ಬೇಲಿಯ ಹತ್ತಿರ ನಿಂತು ಕರೆಯಬೇಕಾಯಿತು. ಬೇರೆ ಹೆಸರಿಗೆ ಅದು ಕಿವಿಯೆತ್ತುವುದಿಲ್ಲ. ಮೆಲ್ಲಗೆ, "ಮುಚಾದುರಾ" ಎಂದೆ.

"ಒಪ್ಕೊಂಡಾಯ್ತಲ್ಲ ಟೀಚರಮ್ಮ, ಇನ್ನೂ ಎಷ್ಟು ಸಲ?" ಆಚೆಯಿಂದ ತವೆಂಗ್ವಾ ಕೂಗಿದ. ಅವನ ಹೆಂಡತಿ ನಕ್ಕಳು.

ಅವಳ ನಗು ಕೇಳಿ ನನಗೆ ನಗಲಾಗಲಿಲ್ಲ. ಹಿಂದಿನ ದಿನವಷ್ಟೇ ಅಂಗಡಿಯಲ್ಲಿ ಅವಳನ್ನು ಯಾರೋ ನಾಯಿ ಕಾಲು ಕೊಯ್ದವನ ಹೆಂಡತಿ ಎಂದಿದ್ದರು. ಆ ಮಾತು ಎಲ್ಲಿಂದ ಹೊರಟಿತೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾಯಿ ಬಂದು ಚರ್ಮದ ಚೀಲದ ಕಾಲನ್ನು ನನ್ನ ಪಾದದ ಮೇಲಿಟ್ಟಿತು. ನಾನು ಬೇಲಿಯ ಕಂಡಿಯನ್ನು ಅಗಲಿಸಿ, ನಾಲ್ಕು ವರ್ಷದ ಮೇಲೆ ಮೊದಲ ಸಲ ಆಚೆ ದಾಟಿದೆ.

"ಶುಂಬಾ," ಎಂದೆ, "ನಾನೂ ಒಂದು ಹೇಳೋದಿದೆ. ನಿನ್ನ ಹೆಂಡತೀನೂ ಕೂತ್ಕೊಳ್ಳಲಿ."