ಅವರವರ ಹೇಳಿಕೆ

ಮೂರನೇ ಸಲ ವಾಪಸ್ಸಾದ ಅರ್ಜಿಯಲ್ಲಿ ಈ ಬಾರಿ ಒಂದೇ ಒಂದು ತಪ್ಪಿತ್ತು. ಕಚೇರಿಯ ಗುಮಾಸ್ತರು ಕಾಗದದ ಕಟ್ಟನ್ನು ಕಿಟಕಿಯ ಸಂದಿಯಿಂದ ಹೊರಗೆ ತಳ್ಳಿ, "ಏಳನೇ ಪುಟದಲ್ಲಿ ನಿಮ್ಮ ಹೆಂಡತಿ ಸಹಿ ಬಿಟ್ಟುಹೋಗಿದೆ. ಹಾಕಿಸ್ಕೊಂಡು ಬನ್ನಿ. ಮುಂದಿನವರು!" ಎಂದರು.

ಕನ್ನಡಕದಂಗಡಿಯವನ ಮುಖ ಅರಳಿತು. ಮೊದಲ ಸಲ ಒಂಬತ್ತು ತಪ್ಪು, ಎರಡನೇ ಸಲ ನಾಲ್ಕು, ಈಗ ಒಂದು. ಕಟ್ಟನ್ನು ಎದೆಗವಚಿಕೊಂಡು ಅಲ್ಲೇ ನಿಂತ. ಅರ್ಜಿ ವಾಪಸ್ ಪಡೆದು ಹಲ್ಲು ಕಿರಿಯುವ ಮನುಷ್ಯನನ್ನು ಗುಮಾಸ್ತರು ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಏನ್ರೀ, ಇದು ವಿಚ್ಛೇದನದ ಅರ್ಜಿ ತಾನೇ? ಲಾಟರಿ ಟಿಕೆಟ್ ಅಲ್ವಲ್ಲ?"

"ಅ... ಅಲ್ಲ ಸರ್. ನಾ... ನಾಳೆ ಬರ್ತೀನಿ."

"ಒಬ್ಬ ವಕೀಲರನ್ನ ಇಟ್ಕೊಳ್ಳಿ. ನಿಮಗೂ ತಲೆನೋವಿಲ್ಲ, ನನಗೂ ಇಲ್ಲ."

ಅವನು ಬೇಡವೆಂದು ಜೋರಾಗಿ ತಲೆಯಾಡಿಸಿ ಹೊರಟ. ವಕೀಲರೇನೂ ಸಿಗದೆ ಇರಲಿಲ್ಲ. ಅಕ್ಕ ಒಬ್ಬರನ್ನು ಗೊತ್ತುಮಾಡಿ, ಅವರ ನಂಬರನ್ನು ನಾಲ್ಕು ಸಲ ಕಳಿಸಿದ್ದಳು. "ನೀನೇನೂ ಬಾಯಿ ಬಿಡಬೇಕಾಗಿಲ್ಲ ಕಣೋ. ಪಕ್ಕದಲ್ಲಿ ಸುಮ್ಮನೆ ನಿಂತ್ಕೊಂಡ್ರೆ ಸಾಕು" ಎಂದಿದ್ದಳು. ಅದೇ ಅವನಿಗೆ ಬೇಡವಾಗಿದ್ದು. ಮಾತು ಕಲಿತಂದಿನಿಂದ ಅವನಿಗೆ ಉಗ್ಗು. ಶಬ್ದ ಗಂಟಲು ದಾಟಿ, ನಾಲಿಗೆ ದಾಟಿ, ತುಟಿಯ ಹತ್ತಿರ ಬಂದು ಜಿದ್ದಿಗೆ ಬಿದ್ದ ಕರುವಿನಂತೆ ಕಾಲೂರಿ ನಿಲ್ಲುತ್ತಿತ್ತು. ಒಂದೇ ಕೋಣೆಯ ಶಾಲೆಯಲ್ಲಿ ಅವನ ಹಾಜರಿಗೂ ಅಕ್ಕನೇ ಓಗೊಟ್ಟವಳು. ಮದುವೆ ನೋಂದಣಿಯ ದಿನ ಅಧಿಕಾರಿ, "ಒಪ್ಪಿಗೆ ಇದೆಯಾ?" ಎಂದು ಕೇಳಿದಾಗ ಇವನು 'ಒ' ಎಂದು ಬಾಯಿ ದುಂಡಗೆ ಮಾಡಿಕೊಂಡು ನಿಂತಿದ್ದ. ಅಷ್ಟರಲ್ಲಿ ಅಕ್ಕ, "ಒಪ್ಪಿಗೆ ಸರ್, ಖುಷಿಯಾದ್ರೆ ಇವನಿಗೆ ಮಾತೇ ಹೊರಡಲ್ಲ" ಎಂದುಬಿಟ್ಟಳು. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಸೇರಿದ್ದಕ್ಕಂತೂ ತಾನು ಬಾಯಿಬಿಟ್ಟು ಒಪ್ಪಲಿಲ್ಲ, ಬಿಡುವಾಗಲಾದರೂ ತಾನೇ ಹೇಳಬೇಕೆಂಬುದು ಈಗ ಅವನ ಹಟ.

ಅಂಗಡಿಯ ಕೆಲಸಕ್ಕೆ ಮಾತು ಹೆಚ್ಚು ಬೇಕಿರಲಿಲ್ಲ. ಗಾಜು ಬದಲಿಸುತ್ತಾ "ಇದು? ಇಲ್ಲ, ಇದು?" ಅಂದರೆ ಮುಗಿಯಿತು. ಎರಡು ಕಣ್ಣುಪಾಪೆಗಳ ನಡುವಿನ ದೂರವನ್ನು ಅರ್ಧ ಮಿಲಿಮೀಟರ್ ತಪ್ಪದೆ ಅಳೆಯುವ ಕೈ ಅದು. ಅರ್ಜಿಯನ್ನೂ ಅವನು ಹಾಗೇ ಹಿಡಿದ. ಮಾದರಿ ನಮೂನೆ ತಂದ, ಅಂಚು ಎಷ್ಟು ಬಿಡಬೇಕೆಂದು ಸ್ಕೇಲು ಇಟ್ಟು ನೋಡಿದ, ಯಾವ ದಾಖಲೆಯ ಹಿಂದೆ ಯಾವುದು ಬರಬೇಕೆಂದು ಕೌಂಟರಿನ ಮೇಲೆ ಹರಡಿಕೊಂಡು ಜೋಡಿಸಿದ. ಇಷ್ಟು ಹುರುಪಿನಿಂದ ಅವನು ಯಾವ ಪರೀಕ್ಷೆಗೂ ಓದಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಬಿಡುವಿಗೆ ಸರಿಯಾಗಿ ಹೆಂಡತಿಯ ಶಾಲೆಯ ಗೇಟಿನಲ್ಲಿ ಹಾಜರಾದ. ಅವಳು ಒಂದನೇ ತರಗತಿಯ ಟೀಚರು. ಎರಡು ವರ್ಷದಿಂದ ತನ್ನ ಅಣ್ಣನ ಮನೆಯಲ್ಲಿದ್ದಳು. ಜಗಳವಾಡಿ ಹೋದವಳಲ್ಲ. "ಇಬ್ಬರ ಮಾತನ್ನೂ ನಾನೊಬ್ಬಳೇ ಆಡಿ ಆಡಿ ಗಂಟಲು ಸೋತುಹೋಗಿದೆ ನನಗೆ" ಎಂದು ಹೇಳಿ, ಪಾತ್ರೆ ತೊಳೆದಿಟ್ಟು ಹೋಗಿದ್ದಳು. ಬಿಡುಗಡೆಯ ಮಾತು ಬಂದಾಗಲೂ ತಕ್ಷಣ ಒಪ್ಪಿದ್ದಳು.

ಕಾಂಪೌಂಡ್ ಗೋಡೆಯ ಮೇಲೆ ಕಾಗದ ಇಟ್ಟುಕೊಂಡು ಅವಳು ಏಳನೇ ಪುಟ ಹುಡುಕುತ್ತಾ ಹೋದವಳು, ಮೊದಲನೇ ಪುಟಕ್ಕೆ ವಾಪಸ್ ಬಂದು ಓದತೊಡಗಿದಳು.

"ಇದನ್ನೆಲ್ಲ ನೀವೇ ಬರೆದ್ರಾ?"

ಅವನು ಹೂಂಗುಟ್ಟಿದ. ಅವಳು ಇನ್ನೊಂದು ಪುಟ ತಿರುಗಿಸಿದಳು. ಕೈ ತಾನಾಗಿ ಚೀಲಕ್ಕೆ ಹೋಗಿ ಕೆಂಪು ಪೆನ್ನು ಹೊರಬಂತು. "ದೀರ್ಘ ಬಿಟ್ಟಿದ್ದೀರಿ ಇಲ್ಲಿ."

"ಬೇ... ಬೇಡ!" ಅವನು ಪೆನ್ನನ್ನೇ ಹಿಡಿದುಕೊಂಡ. "ಕೆಂಪು ಶಾಯಿ ಕಂಡ್ರೆ ಮತ್ತೆ ವಾ... ವಾ..."

"ವಾಪಸ್ ಕೊಡ್ತಾರೆ" ಎಂದು ಅವಳೇ ಮುಗಿಸಿದಳು. ಇಬ್ಬರಿಗೂ ನಗು ಬಂತು. ಅವಳು ಕಪ್ಪು ಪೆನ್ನಿನಲ್ಲಿ ಸಹಿ ಹಾಕಿದಳು. ಶಾಲೆಯ ಗಂಟೆ ಹೊಡೆಯಿತು.

ನಾಲ್ಕನೇ ಸಲ ಗುಮಾಸ್ತರು ಪುಟಗಳನ್ನು ಹಿಂದೆ ಮುಂದೆ ಮಾಡಿ ನೋಡಿದರು. ತಪ್ಪು ಸಿಗಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಮೊಹರು ಎತ್ತಿ ಕುಟ್ಟಿದರು, ಅರ್ಜಿಗೆ ನಂಬರು ಬಿತ್ತು. ಮುನ್ನೂರ ಹನ್ನೆರಡು! ಆ ನಂಬರನ್ನು ಅವನು ದಾರಿಯುದ್ದಕ್ಕೂ ಹಾಡಿನ ಹಾಗೆ ಗುನುಗಿಕೊಂಡು ಬಂದ. ವಿಚಿತ್ರವೆಂದರೆ ಒಂದು ಸಲವೂ ಉಗ್ಗಲಿಲ್ಲ.

ವಿಚಾರಣೆಗೆ ಆರು ತಿಂಗಳಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಾಗಿಲು ಮುಂದೆ ಮಾಡಿ ಹೇಳಿಕೆಯನ್ನು ಅಭ್ಯಾಸ ಮಾಡಿದ. ಕಪಾಟಿನ ಸಾಲುಸಾಲು ಫ್ರೇಮುಗಳೇ ಸಭಿಕರು. 'ನಾವಿಬ್ಬರೂ ಪರಸ್ಪರ ಒಪ್ಪಿಗೆಯಿಂದ, ಯಾರ ಒತ್ತಾಯವೂ ಇಲ್ಲದೆ...' ಪರಸ್ಪರ ಎಂಬಲ್ಲಿ ದಿನವೂ ಮುಗ್ಗರಿಸಿದ. ಬೇರೆ ಪದ ಹುಡುಕಿದ, ಸಿಗಲಿಲ್ಲ. ಅಕ್ಕ ಫೋನಿನಲ್ಲಿ ಅಳುವುದೊಂದು ಬಾಕಿ. "ನಾಲ್ಕು ಜನರ ಮುಂದೆ ನಗೆಪಾಟಲಾಗಬೇಡ್ವೋ."

"ನ... ನಗಲಿ ಬಿಡಕ್ಕ" ಎಂದ.

ಆ ದಿನ ಬೆಳಗ್ಗೆ ಒಂಬತ್ತಕ್ಕೇ ನ್ಯಾಯಾಲಯದ ಬಾಗಿಲಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿಯೊಳಗೆ ಮೊದಲ ಸಲ ಈಜಲು ನೀರಿಗೆ ಇಳಿಯುವವನ ಪುಳಕ. ಹೆಂಡತಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅಕ್ಕ ಬೇಡವೆಂದರೂ ಬಂದು, ಹಿಂದಿನ ಸಾಲಿನಲ್ಲಿ, ವಕೀಲರ ಕಾರ್ಡನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

ಮುನ್ನೂರ ಹನ್ನೆರಡನ್ನು ಕೂಗಿದರು. ನ್ಯಾಯಾಧೀಶೆ ಕಾಗದದಿಂದ ತಲೆಯೆತ್ತಿ, "ವಕೀಲರೆಲ್ಲಿ?" ಎಂದರು.

"ಇ... ಇಲ್ಲ ಮೇಡಂ. ನಾ... ನಾನೇ."

ಅವರಿಗೆ ಅರ್ಥವಾಯಿತು. ದನಿ ಮೃದುವಾಯಿತು. "ನೋಡಿ, ನಿಮ್ಮ ಹೇಳಿಕೆ ಸ್ಪಷ್ಟವಾಗಿರಬೇಕು. ಇಲ್ಲದಿದ್ರೆ ನಾನು ದಾಖಲಿಸೋ ಹಾಗಿಲ್ಲ. ಇನ್ನೊಂದು ತಾರೀಕು ಕೊಟ್ಟು, ನಿಮಗೊಬ್ಬ ವಕೀಲರನ್ನ ಕೊಡ್ತೀನಿ. ಬೇಕಿದ್ರೆ ಬರೆದು ಕೊಡಿ."

ಹಿಂದೆ ಅಕ್ಕ ಎದ್ದು ನಿಂತ ಸಪ್ಪಳವಾಯಿತು. ಅವನು ತಿರುಗಲಿಲ್ಲ. "ಹೇ... ಹೇಳ್ತೀನಿ" ಎಂದು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾವಿಬ್ಬರೂ ಪ... ಪ... ಪ..."

ತುಟಿ ಬಿಗಿಯಿತು. ಯಾರೋ ಕೆಮ್ಮಿದರು.

"ಪರಸ್ಪರ ಒಪ್ಪಿಗೆಯಿಂದ" ಎಂದು ಹೆಂಡತಿಯ ದನಿ ಪಕ್ಕದಿಂದ ಬಂತು. ಹನ್ನೊಂದು ವರ್ಷದ ರೂಢಿ, ಅವಳಿಗೇ ಗೊತ್ತಾಗದೆ ಬಂದಿತ್ತು. ಅವನು ಕೈ ಎತ್ತಿ, ಅಂಗೈಯನ್ನು ಅವಳತ್ತ ತೋರಿಸಿದ. ಅವಳು ನಾಲಿಗೆ ಕಚ್ಚಿಕೊಂಡಳು.

"ನಾವಿಬ್ಬರೂ ಪ... ಪರಸ್ಪರ ಒಪ್ಪಿಗೆಯಿಂದ" ಎಂದು ಅವನು ಮೊದಲಿಂದ ಹೇಳಿದ. "ಯಾ... ಯಾರ ಒತ್ತಾಯವೂ ಇಲ್ಲದೆ, ಬೇ... ಬೇರೆಯಾಗ್ತಿದ್ದೀವಿ."

ಬೆರಳಚ್ಚಿನವಳು ಟಪಟಪ ಬಡಿದಳು. ಅವನು ಉಸಿರು ಬಿಟ್ಟ. ಆಯಿತು ಎಂದುಕೊಂಡ. ಆದರೆ ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು, "ಕಾರಣ? ಅರ್ಜಿಯಲ್ಲಿ ಇರೋದಲ್ಲ, ನಿಮ್ಮ ಮಾತಲ್ಲಿ ಹೇಳಿ" ಎಂದರು.

ಇದು ಅಭ್ಯಾಸದಲ್ಲಿ ಇರಲಿಲ್ಲ. ಫ್ರೇಮುಗಳು ಹೀಗೆ ಕೇಳಿರಲಿಲ್ಲ. ಅವನು ಒಂದು ಕ್ಷಣ ಹೆಂಡತಿಯತ್ತ ನೋಡಿದ. ಅವಳು ಎರಡೂ ತುಟಿಗಳನ್ನು ಒಳಗೆ ಎಳೆದುಕೊಂಡು, ಬಾಯಿಗೆ ಬೀಗ ಹಾಕಿದವಳಂತೆ ನಿಂತಿದ್ದಳು.

"ನಮ್ಮ ಮನೇಲಿ" ಎಂದು ಶುರುಮಾಡಿದ. "ಮಾ... ಮಾತೆಲ್ಲ ಇವಳ ಮೇಲೇ ಬಿತ್ತು ಮೇಡಂ. ಹಾಲಿನವನ ಹತ್ರ, ಬ್ಯಾ... ಬ್ಯಾಂಕಲ್ಲಿ, ಡಾಕ್ಟರ ಹತ್ರ. ಕೊ... ಕೊನೆಗೆ ಇವಳ ಮೇಲೆ ನನಗೆ ಸಿಟ್ಟು ಬಂದ್ರೆ, ಅ... ಅದನ್ನೂ ಇವಳೇ ಹೇಳ್ಕೋಬೇಕಿತ್ತು. ನ... ನನ್ನ ಪಾಲಿನದನ್ನ ನಾನು ಆಡಲೇ ಇಲ್ಲ. ಇವಳು ಕೆ... ಕೆಟ್ಟವಳಲ್ಲ. ಸು... ಸುಸ್ತಾಗಿದ್ದಾಳೆ."

ಗೋಡೆಯ ಗಡಿಯಾರದ ಪ್ರಕಾರ ಅಷ್ಟು ಹೇಳಲು ನಾಲ್ಕು ನಿಮಿಷ ಹಿಡಿಯಿತು. ಯಾರೂ ನಗಲಿಲ್ಲ. ಬೆರಳಚ್ಚಿನವಳು ಪ್ರತಿ ಪದಕ್ಕೂ ಬೆರಳು ಎತ್ತಿಕೊಂಡು ಕಾದಳು. ಅಕ್ಕ ಯಾವಾಗಲೋ ಕೂತುಬಿಟ್ಟಿದ್ದಳು.

"ನೀವೇನಾದ್ರೂ ಹೇಳೋದಿದೆಯಾ ಅಮ್ಮ?" ಎಂದು ನ್ಯಾಯಾಧೀಶೆ ಹೆಂಡತಿಯನ್ನು ಕೇಳಿದರು.

ಅವಳು ಗಂಟಲು ಸರಿಮಾಡಿಕೊಂಡಳು. "ಒಪ್ಪಿಗೆ ಇದೆ. ಬೇರೇನೂ ಇಲ್ಲ ಮೇಡಂ. ಅವರು ಹೇಳಿದ್ರಲ್ಲ."

ಸಹಿ, ಮೊಹರು, ತೀರ್ಪಿನ ಪ್ರತಿಗೆ ಇನ್ನೊಂದು ಅರ್ಜಿ. ಎಲ್ಲ ಮುಗಿಸಿ ಹೊರಬರುವಾಗ ಹನ್ನೆರಡಾಗಿತ್ತು. ಅಕ್ಕ ಮೂಗು ಒರೆಸಿಕೊಳ್ಳುತ್ತಾ, ತಮ್ಮನ ಬೆನ್ನು ತಟ್ಟಿ, ಏನನ್ನೂ ಹೇಳದೆ ಹೋದಳು. ಅವಳು ಏನನ್ನೂ ಹೇಳದೆ ಹೋದದ್ದು ಅದೇ ಮೊದಲು.

ಹೆಂಡತಿಯ ಬಸ್ಸು ಈ ಕಡೆಯದು, ಅವನದು ರಸ್ತೆಯಾಚೆಯದು. ಆದರೂ ಅವನು ಅವಳ ಜೊತೆಯಲ್ಲೇ ನಿಂತ. ಮೈಯೆಲ್ಲ ಹಗುರಾಗಿ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಯಿ ಸುಮ್ಮನಿರಲು ಒಪ್ಪುತ್ತಿರಲಿಲ್ಲ.

"ಇ... ಇನ್ನೊಂದು ಮಾತಿದೆ" ಎಂದ. "ಮೊದಲ ಸಲ ಭೇಟಿಯಾದಾಗ ನೀನು ಕೇಳಿದ್ದೆ. ಯಾ... ಯಾವ ಬಣ್ಣ ಇಷ್ಟ ಅಂತ."

"ಕೇಳಿದ್ದೆ. ನೀಲಿ ಅಂದ್ರಿ."

"ನಾ... ನಾನು ಅನ್ನಲಿಲ್ಲ. ನೀನೇ ಅಂದೆ, ನೀಲಿ ತಾನೇ ಅಂತ."

ಅವಳು ಕಣ್ಣರಳಿಸಿ ನೋಡಿದಳು. "ಅಯ್ಯೋ ದೇವರೇ. ಹನ್ನೊಂದು ವರ್ಷ ನೀಲಿ ಅಂಗೀನೇ ತಂದು ಹಾಕಿದೆನಲ್ಲ!" ನಗು ತಡೆಯಲಾಗದೆ ಕಂಬಕ್ಕೆ ಒರಗಿದಳು. "ಮತ್ತೆ ಯಾವ್ದು?"

ಅವನು ಬಾಯಿ ತೆರೆದ. ಮೊದಲ ಅಕ್ಷರ ತುಟಿಗೆ ಬಂದು ನಿಂತಿತು. ಅವಳ ಬಸ್ಸು ಬಂದು ಬಾಗಿಲು ತೆರೆಯಿತು. ಇಬ್ಬರು ಇಳಿದರು, ಮೂವರು ಹತ್ತಿದರು. ಚಾಲಕ ಅವಳತ್ತ ನೋಡಿ ಹಾರ್ನ್ ಹೊಡೆದ. ಅವಳು ಅವನ ಮುಖದಿಂದ ಕಣ್ಣು ತೆಗೆಯದೆ, ಹೋಗಿ ಎಂಬಂತೆ ಬಸ್ಸಿಗೆ ಕೈ ಬೀಸಿ, ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಿಂತಳು.